0.01ರಿಂದ 3.0ರವರೆಗೆ: ಆವೃತ್ತಿ ಸಂಖ್ಯೆಗಳು ಕೊಟ್ಟ ಮಾತು, ತಪ್ಪಿದ ಮಾತು

1995ರ ನವೆಂಬರ್‌ನಲ್ಲಿ ಇನ್ಫೋಮ್ಯಾಜಿಕ್ ಎಂಬ ಅಮೆರಿಕದ ಕಂಪನಿ ಐದು ಸಿ.ಡಿ.ಗಳ ಒಂದು ಸೆಟ್ಟನ್ನು ಮಾರಾಟಕ್ಕೆ ಬಿಟ್ಟಿತು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕಲಿಯುವವರಿಗೆ, ಅದರಲ್ಲೇ ಕೆಲಸ ಮಾಡುವವರಿಗೆ ಬೇಕಾದ ಸರಕೆಲ್ಲ ಅದರಲ್ಲಿತ್ತು. ಫೋನ್ ತಂತಿಗೆ ಮೋಡೆಮ್ ಜೋಡಿಸಿ ಇಂಟರ್ನೆಟ್ ನೋಡುತ್ತಿದ್ದ ಕಾಲ. ಒಂದು ಇಡೀ ಆಪರೇಟಿಂಗ್ ಸಿಸ್ಟಂ ಇಳಿಸಿಕೊಳ್ಳಲು ಹೊರಟರೆ ರಾತ್ರಿಗಳೇ ಸಾಲುತ್ತಿರಲಿಲ್ಲ. ಹಾಗಾಗಿ ಜನ ಇಂಥ ಸಿ.ಡಿ.ಗಳನ್ನೇ ನೆಚ್ಚಿಕೊಂಡಿದ್ದರು. ಆ ಸೆಟ್ಟಿನಲ್ಲಿದ್ದ ಒಂದು ಸರಕಿನ ಹೆಸರು ‘ಡೆಬಿಯನ್ 1.0’.

ತೊಡಕು ಇದ್ದದ್ದು ಅಲ್ಲೇ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನು ಕಟ್ಟುವ ತಂಡ 1.0 ಎಂಬುದನ್ನು ಬಿಡುಗಡೆಯೇ ಮಾಡಿರಲಿಲ್ಲ. ಇಯಾನ್ ಮರ್ಡಾಕ್ 1993ರ ಆಗಸ್ಟ್‌ನಲ್ಲಿ ಶುರುಮಾಡಿದ ಈ ಯೋಜನೆ ಆಗಿನ್ನೂ 0.93ರ ಸುತ್ತಮುತ್ತ ಇತ್ತು. ಮುಂದೆ 1.0 ಆಗಬೇಕಿದ್ದ ಕೆಲಸ ಸರ್ವರ್‌ನಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ನಡೆಯುತ್ತಿತ್ತು. ಪ್ರೋಗ್ರಾಂಗಳನ್ನು ಹಳೆಯ ಕಡತ ವಿನ್ಯಾಸದಿಂದ ಇ.ಎಲ್.ಎಫ್. ಎಂಬ ಹೊಸ ವಿನ್ಯಾಸಕ್ಕೆ ಬದಲಾಯಿಸುವ ಕೆಲಸ ಅರ್ಧಕ್ಕೆ ಬಂದಿತ್ತು. ಆ ಅರ್ಧ ಕೆಲಸವನ್ನೇ ಸಿ.ಡಿ. ಕಂಪನಿ ಮುಗಿದ ಕೆಲಸವೆಂದು ಭಾವಿಸಿ ಅಚ್ಚು ಹಾಕಿಬಿಟ್ಟಿತು. ಡಿಸೆಂಬರ್ 11ರಂದು ಡೆಬಿಯನ್ ಮತ್ತು ಇನ್ಫೋಮ್ಯಾಜಿಕ್ ಜಂಟಿಯಾಗಿ ಪ್ರಕಟಣೆ ಕೊಡಬೇಕಾಯಿತು. ತಂಡದ ಬ್ರೂಸ್ ಪೆರೆನ್ಸ್ ಮುಚ್ಚುಮರೆಯಿಲ್ಲದೆ ವಿವರಿಸಿದರು: ಸಿ.ಡಿ.ಯಲ್ಲಿರುವುದು ಡೆಬಿಯನ್ 1.0 ಅಲ್ಲ, ಅಭಿವೃದ್ಧಿಯ ಹಂತದಲ್ಲಿದ್ದ ಆರಂಭಿಕ ರೂಪ. ಅದು ಸರಿಯಾಗಿ ಬೂಟ್ ಆಗುವುದೇ ಅನುಮಾನ.

ಆಮೇಲೆ ತಂಡ ಮಾಡಿದ ತೀರ್ಮಾನ ಗಮನಾರ್ಹ. ಹಾಳಾದ ಹೆಸರನ್ನು ಮತ್ತೆ ಬಳಸುವುದೇ ಬೇಡವೆಂದು 1.0 ಅನ್ನು ಕೈಬಿಟ್ಟರು. 1996ರ ಜೂನ್ 17ರಂದು ಹೊರಬಂದದ್ದು 1.1. ಇವತ್ತಿಗೂ ಡೆಬಿಯನ್ ಇತಿಹಾಸದಲ್ಲಿ 1.0 ಎಂಬ ಬಿಡುಗಡೆ ಇಲ್ಲ.

ಒಂದು ಸಂಖ್ಯೆಗೆ ಇಷ್ಟೊಂದು ಬೆಲೆ ಏಕೆ? ತಂತ್ರಾಂಶ ಕಣ್ಣಿಗೆ ಕಾಣುವ ವಸ್ತುವಲ್ಲ. ಅಂಗಡಿಯಲ್ಲಿ ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದಂತೆ ಅದನ್ನು ನೋಡಿ ಕೊಳ್ಳಲಾಗದು. ಬಳಕೆದಾರನ ಕೈಗೆ ಮೊದಲು ಸಿಗುವುದು ಹೆಸರಿನ ಪಕ್ಕದ ಸಂಖ್ಯೆ, ಇಲ್ಲವೇ ಬೀಟಾ ಎಂಬಂಥ ಒಂದು ಚೀಟಿ. ಕಟ್ಟಿದವನು ಬಳಸುವವನಿಗೆ ಕೊಡುವ ಮಾತು ಅದು: ಇದನ್ನು ನಂಬಬಹುದು, ಅಥವಾ ಇದನ್ನು ಇನ್ನೂ ನಂಬಬೇಡ. ಆ ಮಾತು ನಿಂತಾಗ ಏನಾಯಿತು, ತಪ್ಪಿದಾಗ ಏನಾಯಿತು ಎಂಬುದೇ ಆವೃತ್ತಿ ಸಂಖ್ಯೆಗಳ ಇತಿಹಾಸ.

ಎ ಪರೀಕ್ಷೆ, ಬಿ ಪರೀಕ್ಷೆ

ಆಲ್ಫಾ, ಬೀಟಾಗಳ ಬೇರು ತಂತ್ರಾಂಶದಲ್ಲಿಲ್ಲ, ಯಂತ್ರದಲ್ಲಿದೆ. ಐಬಿಎಂ ಕಂಪನಿಯಲ್ಲಿ ಹೊಸ ಯಂತ್ರವೊಂದನ್ನು ಜಗತ್ತಿಗೆ ಪ್ರಕಟಿಸುವ ಮೊದಲು ‘ಎ’ ಪರೀಕ್ಷೆ ನಡೆಯುತ್ತಿತ್ತು. ಈ ಕಲ್ಪನೆ ಕಾರ್ಯಸಾಧ್ಯವೇ ಎಂಬುದು ಅಲ್ಲಿನ ಪ್ರಶ್ನೆ. ಕಾರ್ಖಾನೆಯಲ್ಲಿ ತಯಾರಿಕೆಗೆ ಕೊಡುವ ಮುನ್ನ ‘ಬಿ’ ಪರೀಕ್ಷೆ. ಗಿರಾಕಿಯ ಕೈಗೆ ಹೋಗುವ ಮುನ್ನ ಕೊನೆಯದಾಗಿ ‘ಸಿ’ ಪರೀಕ್ಷೆ. ಯಂತ್ರದ ಜೊತೆಗೆ ಪ್ರೋಗ್ರಾಂಗಳೂ ಸರಕಾದಾಗ ಅದೇ ಹೆಸರುಗಳು ಅವಕ್ಕೂ ಅಂಟಿದವು. 1960ರ ದಶಕದಲ್ಲಿ ಐಬಿಎಂ ಸ್ವತಃ ಈ ಪದಗಳನ್ನು ಬಿಟ್ಟಿತಾದರೂ ಅಷ್ಟರಲ್ಲಿ ಅವು ಉದ್ಯಮದ ತುಂಬ ಹರಡಿದ್ದವು.

ಹಂತಗಳು ಏಕೆ ಬೇಕು ಎಂಬುದನ್ನೂ ಐಬಿಎಂನ ಅನುಭವವೇ ಕಲಿಸಿತು. 1964ರ ಏಪ್ರಿಲ್‌ನಲ್ಲಿ ಪ್ರಕಟವಾದ ಸಿಸ್ಟಂ/360 ಯಂತ್ರಗಳಿಗಾಗಿ ಬರೆಯುತ್ತಿದ್ದ ಆಪರೇಟಿಂಗ್ ಸಿಸ್ಟಂ ಹೇಳಿದ ಸಮಯಕ್ಕೆ ಮುಗಿಯಲಿಲ್ಲ. ಆ ಕೆಲಸದ ಮುಂದಾಳಾಗಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ತಮ್ಮ ಅನುಭವವನ್ನು ಪುಸ್ತಕವಾಗಿಸಿದರು. ಒಂದು ದೋಷ ತಿದ್ದಲು ಹೋದಾಗ ಹೊಸದೊಂದು ದೋಷ ಹುಟ್ಟುವ ಸಾಧ್ಯತೆ ಶೇಕಡ 20ರಿಂದ 50ರಷ್ಟಿದೆ ಎಂದು ಅದರಲ್ಲಿ ಬರೆದರು. ಬಿಡುಗಡೆಯ ಹಂತಗಳ ಹಿಂದಿರುವ ತರ್ಕವೆಲ್ಲ ಈ ಒಂದು ಮಾತಿನಲ್ಲಿದೆ. ತಿದ್ದುವುದೇ ಅಪಾಯವಾದರೆ, ಬಿಡುಗಡೆ ಹತ್ತಿರವಾದಂತೆ ತಿದ್ದುಪಡಿಯನ್ನು ಕಡಿಮೆ ಮಾಡುತ್ತ ಹೋಗಬೇಕು. ಆಲ್ಫಾದಲ್ಲಿ ಹೊಸ ಸೌಲಭ್ಯಗಳು ಇನ್ನೂ ಸೇರುತ್ತಿರುತ್ತವೆ. ಬೀಟಾಕ್ಕೆ ಬಂದಾಗ ಸೌಲಭ್ಯಗಳ ಪಟ್ಟಿ ಹೆಚ್ಚುಕಡಿಮೆ ಮುಗಿದಿರುತ್ತದೆ. ಹೊರಗಿನವರ ಕೈಗೆ ಕೊಟ್ಟು ದೋಷ ಹುಡುಕಿಸುವ ಹಂತ ಅದು. ರಿಲೀಸ್ ಕ್ಯಾಂಡಿಡೇಟ್ ಎಂದರೆ ದೊಡ್ಡ ದೋಷ ಸಿಗದಿದ್ದರೆ ಇದನ್ನೇ ಬಿಡುಗಡೆ ಮಾಡುತ್ತೇವೆ ಎಂಬ ಘೋಷಣೆ. ಅಲ್ಲಿ ತೀರಾ ಅನಿವಾರ್ಯವಾದದ್ದನ್ನು ಬಿಟ್ಟು ಬೇರೇನನ್ನೂ ಮುಟ್ಟಬಾರದು.

ಈ ಏಣಿಯ ಕೊನೆಯ ಮೆಟ್ಟಿಲನ್ನು ವಿಂಡೋಸ್ 95ರ ಕಥೆಯಲ್ಲಿ ಸ್ಪಷ್ಟವಾಗಿ ನೋಡಬಹುದು. ‘ಷಿಕಾಗೊ’ ಎಂಬ ಗುಪ್ತನಾಮದಲ್ಲಿ ಬೆಳೆದ ಈ ಆವೃತ್ತಿಯ ಬೀಟಾವನ್ನು ಜನ ದುಡ್ಡು ಕೊಟ್ಟು ತರಿಸಿಕೊಂಡರು. 1995ರ ಜುಲೈ 14ರಂದು ಮೈಕ್ರೋಸಾಫ್ಟ್ 950ನೇ ಬಿಲ್ಡನ್ನು ಅಂತಿಮವೆಂದು ಸಾರಿ ತಯಾರಿಕೆಗೆ ಕಳಿಸಿತು. ಅಂಗಡಿಗೆ ಬಂದದ್ದು ಆಗಸ್ಟ್ 24ರಂದು. ನಡುವಿನ ಆರು ವಾರ ಡಿಸ್ಕುಗಳನ್ನು ಅಚ್ಚು ಹಾಕಿ, ಪೆಟ್ಟಿಗೆಗೆ ತುಂಬಿ, ದೇಶದೇಶಗಳಿಗೆ ಸಾಗಿಸುವುದಕ್ಕೆ. ಫ್ಲಾಪಿಯಲ್ಲಿ ಕೊಂಡವರಿಗೆ 13 ಫ್ಲಾಪಿಗಳು. ಹದಿಮೂರರಲ್ಲಿ ಒಂದು ಕೆಟ್ಟಿದ್ದರೂ ಉಳಿದ ಹನ್ನೆರಡು ವ್ಯರ್ಥ. ಒಮ್ಮೆ ಅಚ್ಚಾದದ್ದನ್ನು ಹಿಂದಕ್ಕೆ ಕರೆಯುವಂತಿರಲಿಲ್ಲ. ಅಚ್ಚಿಗೆ ಹೋಗುವ ಮೂಲ ಡಿಸ್ಕನ್ನು ‘ಗೋಲ್ಡ್ ಮಾಸ್ಟರ್’ ಎಂದು ಕರೆಯುತ್ತಿದ್ದ ಆ ದಿನಗಳಲ್ಲಿ ‘ಅಂತಿಮ’ ಎಂದರೆ ನಿಜಕ್ಕೂ ಅಂತಿಮ.

ಪೈ ಕಡೆಗೆ ನಡೆದ ಸಂಖ್ಯೆ

ಅಂತಿಮ ಎಂಬುದನ್ನು ಇನ್ನೂ ಆಳವಾಗಿ ಯೋಚಿಸಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನುತ್. ಗಣಿತದ ಬರವಣಿಗೆಯನ್ನು ಅಂದವಾಗಿ ಅಚ್ಚಿಗೆ ಜೋಡಿಸಲು ಅವರು ಟೆಕ್ ಎಂಬ ತಂತ್ರಾಂಶ ಬರೆದಿದ್ದರು. 1990ರಲ್ಲಿ 3.0 ಆವೃತ್ತಿ ಬಂದ ಮೇಲೆ ಇನ್ನು ಹೊಸ ಸೌಲಭ್ಯ ಸೇರಿಸುವುದಿಲ್ಲ, ದೋಷಗಳನ್ನಷ್ಟೇ ತಿದ್ದುತ್ತೇನೆ ಎಂದು ಸಾರಿದರು. ಪ್ರತಿ ತಿದ್ದುಪಡಿಗೆ ಸಂಖ್ಯೆ ಒಂದೊಂದು ಅಂಕಿ ಬೆಳೆಯುತ್ತದೆ: 3.1, 3.14, 3.141, ಹೀಗೆ ಪೈ ಬೆಲೆಯ ಕಡೆಗೆ. 2014ರಲ್ಲಿ ಅದು 3.14159265 ಆಗಿತ್ತು, 2021ರಲ್ಲಿ 3.141592653. ತಮ್ಮ ಕಾಲದ ನಂತರ ಆವೃತ್ತಿಯ ಹೆಸರು ನೇರವಾಗಿ ಪೈ ಆಗಲಿ, ಆಗ ಉಳಿದಿರುವ ದೋಷಗಳೆಲ್ಲ ತಂತ್ರಾಂಶದ ಲಕ್ಷಣಗಳೆಂದೇ ಪರಿಗಣನೆಯಾಗಲಿ ಎಂಬುದು ಅವರ ಆಣತಿ. ದೋಷ ಹುಡುಕಿದವರಿಗೆ ಚೆಕ್ ಬರೆದುಕೊಡುವ ಪದ್ಧತಿಯನ್ನೂ ಅವರು ಇಟ್ಟುಕೊಂಡಿದ್ದರು. ಇಂದು ಜೋಡಿಸಿದ ಪುಟ ಮೂವತ್ತು ವರ್ಷದ ನಂತರವೂ ಕೂದಲೆಳೆಯಷ್ಟೂ ಬದಲಾಗದೆ ಬರಬೇಕು ಎಂಬ ಹಟ ಆ ಸಂಖ್ಯೆಯಲ್ಲಿದೆ.

ಒಂದರ ಹೊಸ್ತಿಲಲ್ಲಿ ಎರಡು ವರ್ಷ

ಟೆಕ್ 3.0 ಬಂದ ಮರುವರ್ಷ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 21ರ ಹುಡುಗ ಲೈನಸ್ ಟೊರ್ವಾಲ್ಡ್ಸ್ ತನ್ನ ಮನೆಯ ಕಂಪ್ಯೂಟರಿಗಾಗಿ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ ಒಂದನ್ನು ಬರೆಯುತ್ತಿದ್ದ. 1991ರ ಸೆಪ್ಟೆಂಬರ್ 17ರಂದು ಫಿನ್ಲೆಂಡಿನ ಸರ್ವರೊಂದಕ್ಕೆ ಏರಿಸಿದ ಮೊದಲ ರೂಪಕ್ಕೆ ಅವನು ಕೊಟ್ಟ ಸಂಖ್ಯೆ 0.01. ಸುಮಾರು 10,000 ಸಾಲುಗಳ ಕೋಡ್. ಅದನ್ನು ಏರಿಸಿದ ಸ್ನೇಹಿತ ಆರಿ ಲೆಮ್ಕೆ ಫೋಲ್ಡರಿಗೆ ‘ಲಿನಕ್ಸ್’ ಎಂದು ಹೆಸರಿಟ್ಟ. ಲೈನಸ್ ಯೋಚಿಸಿದ್ದ ಹೆಸರು ‘ಫ್ರೀಯಾಕ್ಸ್’. 0.01 ಎಂಬ ಸಂಖ್ಯೆಯಲ್ಲಿ ಪ್ರಾಮಾಣಿಕತೆ ಇತ್ತು. ಇದು ನೂರರಲ್ಲಿ ಒಂದು ಪಾಲು, ನೋಡುವುದಕ್ಕಷ್ಟೇ, ನೆಚ್ಚಿಕೊಳ್ಳುವುದಕ್ಕಲ್ಲ ಎಂದು ಅದು ಹೇಳುತ್ತಿತ್ತು. ಬಿಡುಗಡೆಯನ್ನು ಬಹಿರಂಗವಾಗಿ ಪ್ರಕಟಿಸಿದ್ದು ಅಕ್ಟೋಬರ್ 5ರಂದು, 0.02 ಬಂದಾಗ.

ಮುಂದಿನ ತಿಂಗಳುಗಳಲ್ಲಿ ಸಂಖ್ಯೆ ಮೆಲ್ಲಗೆ ಏರಿತು. 1992ರ ಜನವರಿಗೆ 0.12. ಅದಾದ ಮೇಲೆ ಮಾರ್ಚ್‌ನಲ್ಲಿ ಒಮ್ಮೆಲೇ 0.95. ಕರ್ನೆಲ್ ತನ್ನ ಕಾಲ ಮೇಲೆ ನಿಂತಿತ್ತು. ಜನ ದಿನನಿತ್ಯ ಬಳಸತೊಡಗಿದ್ದರು. 1.0 ಇನ್ನೇನು ಬಂದೇ ಬಿಟ್ಟಿತು ಎಂದುಕೊಂಡು ಲೈನಸ್ ಆ ಜಿಗಿತ ಕೊಟ್ಟಿದ್ದ.

ಬರಲಿಲ್ಲ. ನೂರರಲ್ಲಿ ಉಳಿದ ಐದು ಪಾಲು ದಾಟಲು ಎರಡು ವರ್ಷ ಹಿಡಿಯಿತು. ಅಡ್ಡ ಬಂದದ್ದು ಮುಖ್ಯವಾಗಿ ನೆಟ್‌ವರ್ಕ್. ಒಂದೇ ಕಂಪ್ಯೂಟರಿನೊಳಗೆ ಎಲ್ಲ ಸರಿಯಿದ್ದರೆ ಸಾಲದು. ಬೇರೆ ಬೇರೆ ಯಂತ್ರಗಳ ಜೊತೆ, ತಪ್ಪುತಪ್ಪಾಗಿ ಮಾತಾಡುವ ಯಂತ್ರಗಳ ಜೊತೆಗೂ ವ್ಯವಹರಿಸಬೇಕು. ಕೋಡನ್ನು ಬರೆದು, ಕೆಡವಿ, ಮತ್ತೆ ಬರೆದರು. ಸಂಖ್ಯೆಗಳು ಮುಗಿಯುತ್ತ ಬಂದವು. 0.96, 0.97, 0.98, 0.99. ಅಲ್ಲಿಂದ ಮುಂದೆ ಒಂದೇ ಇರುವುದು. ಆದರೆ ಒಂದು ಎನ್ನಲು ಮನಸ್ಸು ಒಪ್ಪದು. ಆಗ 0.99ಕ್ಕೆ ಪ್ಯಾಚ್ ಸಂಖ್ಯೆ ಜೋಡಿಸಿದರು: ಪ್ಯಾಚ್ 1, ಪ್ಯಾಚ್ 2, ಹೀಗೆ 15ರವರೆಗೆ. ಹದಿನೈದೂ ಸಾಲದೆ ಅದರ ಮುಂದೆ ಎ, ಬಿ, ಸಿ ಎಂದು ಅಕ್ಷರ ಹಚ್ಚುತ್ತ ಹೋದರು. ಹೊಸ್ತಿಲಿಗೆ ಬಂದು ನಿಂತವರು ಒಳಗೆ ಕಾಲಿಡಲು ಇಷ್ಟು ಹಿಂಜರಿದದ್ದು ಆ ಸಂಖ್ಯೆಯ ಮೇಲಿನ ಗೌರವದಿಂದ.

1994ರ ಮಾರ್ಚ್ 14ರಂದು 1.0 ಬಿಡುಗಡೆಯಾಯಿತು. 1,76,250 ಸಾಲು. ಆ ದಿನದಿಂದ ವ್ಯಾಪಾರಸ್ಥರಿಗೂ ಸಂಸ್ಥೆಗಳಿಗೂ ಲಿನಕ್ಸನ್ನು ಗಂಭೀರವಾಗಿ ನೋಡಲು ಒಂದು ಕಾರಣ ಸಿಕ್ಕಿತು.

ಸಮ, ಬೆಸ

ಮಾತು ಕೊಟ್ಟಾಯಿತು, ಅದನ್ನು ಕಾಪಾಡುವುದು ಹೇಗೆ? ಸ್ಥಿರವಾಗಿಡಬೇಕು, ಬೆಳೆಸಲೂ ಬೇಕು. ಲಿನಕ್ಸ್ ಕಂಡುಕೊಂಡ ಉಪಾಯ ಸರಳವಾಗಿತ್ತು. ನಡುವಿನ ಅಂಕಿ ಸಮಸಂಖ್ಯೆಯಾದರೆ ಸ್ಥಿರ ಸರಣಿ, ಬೆಸಸಂಖ್ಯೆಯಾದರೆ ಪ್ರಯೋಗದ ಸರಣಿ. 1.1ರಲ್ಲಿ ಪ್ರಯೋಗ ಮಾಡಿ ಪಳಗಿಸಿದ್ದು 1995ರ ಮಾರ್ಚ್‌ನಲ್ಲಿ 1.2 ಆಯಿತು. 1.3ರ ಫಲ 1996ರ ಜೂನ್‌ನಲ್ಲಿ 2.0. ಅದರ ನಂತರ 1999ರ ಜನವರಿಯಲ್ಲಿ 2.2, 2001ರ ಜನವರಿಯಲ್ಲಿ 2.4. ಯಂತ್ರದ ಮುಂದೆ ಕುಳಿತ ಯಾರೇ ಆದರೂ ಒಂದು ಅಂಕಿ ನೋಡಿ ಇದು ಕಚೇರಿಯ ಸರ್ವರಿಗೆ ತಕ್ಕದ್ದೋ ಅಲ್ಲವೋ ಹೇಳಬಹುದಿತ್ತು.

ಆದರೆ ಎರಡು ಸಮಸಂಖ್ಯೆಗಳ ನಡುವಿನ ಅಂತರ ಎರಡು, ಮೂರು ವರ್ಷಕ್ಕೆ ಬೆಳೆಯಿತು. ಹೊಸ ಯಂತ್ರ ಕೊಂಡವರು ಅಷ್ಟು ಕಾಯುವಂತಿರಲಿಲ್ಲ. ಲಿನಕ್ಸ್ ವಿತರಿಸುವ ರೆಡ್ ಹ್ಯಾಟ್, ಸೂಸೆಯಂಥ ಕಂಪನಿಗಳು ಪ್ರಯೋಗದ ಸರಣಿಯಿಂದ ಬೇಕಾದ್ದನ್ನು ಕಿತ್ತು ತಂದು ತಮ್ಮ ಸ್ಥಿರ ಕರ್ನೆಲ್‌ಗೆ ಹೊಲಿದುಕೊಂಡವು. ಒಬ್ಬರ 2.4ಕ್ಕೂ ಇನ್ನೊಬ್ಬರ 2.4ಕ್ಕೂ ತಾಳೆಯಾಗದಂತಾಯಿತು.

ಒಳಗೂ ಬಿರುಕು ಬಿಟ್ಟಿತು. 2.4 ಸರಣಿಯಲ್ಲಿ ಮೆಮೊರಿ ನಿರ್ವಹಣೆ ತೃಪ್ತಿಕರವಾಗಿರಲಿಲ್ಲ. 2001ರ ಸೆಪ್ಟೆಂಬರ್‌ನಲ್ಲಿ ಬಂದ 2.4.10ರಲ್ಲಿ ಲೈನಸ್ ಆ ಇಡೀ ಭಾಗವನ್ನೇ ತೆಗೆದು, ಆಂಡ್ರಿಯಾ ಆರ್ಕಾಂಜೆಲಿ ಬರೆದ ಬೇರೊಂದನ್ನು ಕೂರಿಸಿದರು. ಸ್ಥಿರ ಎಂದು ಹೆಸರು ಹೊತ್ತ ಸರಣಿಯ ಮಧ್ಯದಲ್ಲಿ ಹೃದಯಭಾಗವೇ ಬದಲಾಗಿತ್ತು. ಹಿರಿಯ ಡೆವಲಪರ್ ಆಲನ್ ಕಾಕ್ಸ್ ತಮ್ಮದೇ ಪ್ರತ್ಯೇಕ ಕರ್ನೆಲ್‌ನಲ್ಲಿ ಹಳೆಯದನ್ನೇ ಕೆಲಕಾಲ ಉಳಿಸಿಕೊಂಡರು. ಅಕ್ಟೋಬರ್‌ನಲ್ಲಿ ಬಂದ 2.4.11ರಲ್ಲಿ ಕಡತಗಳ ಸಾಂಕೇತಿಕ ಕೊಂಡಿಗಳನ್ನು ನಿಭಾಯಿಸುವ ಕಡೆ ದೋಷವಿತ್ತು. ಒಂದೆರಡು ದಿನದಲ್ಲೇ 2.4.12 ಬಂತು. ಸರ್ವರ್‌ನಲ್ಲಿದ್ದ 2.4.11ರ ಕಡತದ ಹೆಸರಿಗೆ ‘ಡೋಂಟ್ ಯೂಸ್’ ಎಂದು ಸೇರಿಸಿದರು. ಇಂದಿಗೂ ಆ ಹಳೆಯ ಉಗ್ರಾಣದಲ್ಲಿ ಆ ಕಡತ ಅದೇ ಹೆಸರಿನಲ್ಲಿದೆ. ನವೆಂಬರಿನ 2.4.15ರಲ್ಲಂತೂ ಡಿಸ್ಕನ್ನು ಕಳಚುವಾಗ ಕಡತವ್ಯವಸ್ಥೆಯೇ ಕೆಡುವ ದೋಷ ನುಸುಳಿತ್ತು. ಮೂರ್ನಾಲ್ಕು ದಿನದಲ್ಲಿ 2.4.16 ತರಬೇಕಾಯಿತು. ಅದೇ ಹೊತ್ತಿಗೆ ಲೈನಸ್ ಪ್ರಯೋಗದ 2.5 ಸರಣಿಗೆ ಹೊರಳಿದರು. 2.4ರ ಉಸ್ತುವಾರಿ ಬ್ರೆಜಿಲ್‌ನ ಹದಿಹರೆಯದ ಮಾರ್ಸೆಲೊ ಟೊಸಾಟಿಯ ಹೆಗಲೇರಿತು.

2003ರ ಡಿಸೆಂಬರ್‌ನಲ್ಲಿ 2.6 ಬಂದ ಮೇಲೆ ಪಾಠ ಕಲಿತದ್ದು ಕಂಡಿತು. 2004ರ ಜುಲೈನಲ್ಲಿ ಕೆನಡಾದ ಒಟ್ಟಾವಾದಲ್ಲಿ ಕರ್ನೆಲ್ ಡೆವಲಪರ್‌ಗಳು ಸೇರಿದಾಗ 2.7 ಎಂಬ ಪ್ರಯೋಗದ ಸರಣಿಯೇ ಬೇಡವೆಂಬ ನಿಲುವಿಗೆ ಬಂದರು. ಮೂರು ವರ್ಷಕ್ಕೊಮ್ಮೆ ದೊಡ್ಡ ಬಿಡುಗಡೆ ಮಾಡುವ ಬದಲು ಎರಡು ಮೂರು ತಿಂಗಳಿಗೊಮ್ಮೆ ಚಿಕ್ಕ ಬಿಡುಗಡೆ. ಆಗಸ್ಟ್‌ನಲ್ಲಿ 2.6.8 ಬಂದ ಬೆನ್ನಿಗೇ ನೆಟ್‌ವರ್ಕ್ ಕಡತ ಹಂಚಿಕೆಯಲ್ಲಿ ಗಂಭೀರ ದೋಷ ಸಿಕ್ಕಿತು. ಅದೊಂದನ್ನೇ ತಿದ್ದಿ 2.6.8.1 ಕೊಟ್ಟರು. ನಾಲ್ಕನೆಯ ಅಂಕಿ ಹುಟ್ಟಿದ್ದು ಹೀಗೆ. 2005ರ ಮಾರ್ಚ್‌ನಲ್ಲಿ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಮತ್ತು ಕ್ರಿಸ್ ರೈಟ್ ಆ ನಾಲ್ಕನೆಯ ಅಂಕಿಯ ಜವಾಬ್ದಾರಿ ಹೊತ್ತರು. ಅವರು ಹಾಕಿದ ನಿಯಮಗಳು ಕಟ್ಟುನಿಟ್ಟು. ತಿದ್ದುಪಡಿ 100 ಸಾಲು ಮೀರಬಾರದು. ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ಜನರನ್ನು ನಿಜವಾಗಿ ಕಾಡುತ್ತಿರುವ ದೋಷವನ್ನೇ ತಿದ್ದಬೇಕು. ಮುಂದೆಂದೋ ಆಗಬಹುದಾದದ್ದಕ್ಕೆ ಜಾಗವಿಲ್ಲ. ಬ್ರೂಕ್ಸ್ ಹೇಳಿದ ಅಪಾಯಕ್ಕೆ ಕಟ್ಟಿದ ಒಡ್ಡು ಇದು.

ಈಗ ಕರ್ನೆಲ್ ನಡೆಯುವುದು ಅದೇ ಲಯದಲ್ಲಿ. ಎರಡು ವಾರ ಬಾಗಿಲು ತೆರೆದು ಹೊಸದನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತಾರೆ. ಬಾಗಿಲು ಮುಚ್ಚಿ ಮೊದಲ ರಿಲೀಸ್ ಕ್ಯಾಂಡಿಡೇಟ್ ಕೊಡುತ್ತಾರೆ. ವಾರಕ್ಕೊಂದರಂತೆ ಏಳೋ ಎಂಟೋ ಕ್ಯಾಂಡಿಡೇಟ್‌ಗಳಾದ ಮೇಲೆ ಬಿಡುಗಡೆ.

ಡೆಬಿಯನ್‌ನ ಮೂರು ಬಾಗಿಲು

ಡೆಬಿಯನ್ ತಂಡ 1995ರ ಪೆಟ್ಟಿನಿಂದ ಬೇರೆಯೇ ದಾರಿ ಹಿಡಿಯಿತು. ಮುಗಿಯದ ಕೆಲಸಕ್ಕೆ ಸಂಖ್ಯೆ ಇದ್ದರೆ ತಾನೇ ಯಾರಾದರೂ ಅದನ್ನು ಮುಗಿದದ್ದೆಂದು ತಿಳಿಯುವುದು? ಹಾಗಾಗಿ ಬಿಡುಗಡೆಯಾಗುವ ತನಕ ಸಂಖ್ಯೆಯನ್ನೇ ಕೊಡದೆ ಒಂದು ಹೆಸರಿನಿಂದ ಕರೆಯತೊಡಗಿದರು. ಪೆರೆನ್ಸ್ ಆಗ ಪಿಕ್ಸಾರ್ ಸ್ಟುಡಿಯೋದಲ್ಲಿ ಕೆಲಸದಲ್ಲಿದ್ದರು. 1995ರಲ್ಲಿ ತೆರೆಕಂಡ ‘ಟಾಯ್ ಸ್ಟೋರಿ’ ಚಿತ್ರದ ಗೊಂಬೆಗಳ ಹೆಸರುಗಳೇ ಬಂದವು. 1.1ಕ್ಕೆ ಬಝ್, ಆಮೇಲೆ ರೆಕ್ಸ್, ಬೋ, ಹ್ಯಾಮ್. ಎಂದೂ ಬಿಡುಗಡೆಯಾಗದ, ಸದಾ ಪ್ರಯೋಗದಲ್ಲೇ ಇರುವ ಶಾಖೆಗೆ ಸಿಡ್ ಎಂಬ ಹೆಸರು. ಚಿತ್ರದಲ್ಲಿ ಗೊಂಬೆಗಳನ್ನು ಮುರಿದುಹಾಕುವ ಪಕ್ಕದ ಮನೆಯ ಹುಡುಗನದ್ದು.

2000ದ ಕೊನೆಯ ಹೊತ್ತಿಗೆ ಏರ್ಪಾಡು ಇನ್ನೂ ಗಟ್ಟಿಯಾಯಿತು. ಸ್ಥಿರ, ಪರೀಕ್ಷೆ, ಅಸ್ಥಿರ ಎಂದು ಮೂರು ಶಾಖೆ. ಹೊಸ ಪ್ಯಾಕೇಜ್ ಮೊದಲು ಅಸ್ಥಿರಕ್ಕೆ ಬರುತ್ತದೆ. ಕೆಲವು ದಿನ ಅಲ್ಲಿದ್ದು, ಗಂಭೀರ ದೋಷದ ದೂರು ಬಾರದಿದ್ದರೆ, ಅದು ಆಧರಿಸಿರುವ ಇತರ ಪ್ಯಾಕೇಜುಗಳೂ ಸಿದ್ಧವಿದ್ದರೆ ಪರೀಕ್ಷೆಗೆ ದಾಟುತ್ತದೆ. ಕಾಲ ಕೂಡಿಬಂದಾಗ ಪರೀಕ್ಷೆಯ ಶಾಖೆಯನ್ನು ಸ್ತಬ್ಧಗೊಳಿಸಿ, ಉಳಿದ ದೋಷಗಳನ್ನು ಕಳೆದು ಸ್ಥಿರವೆಂದು ಸಾರುತ್ತಾರೆ. ತಾರೀಕಿಗಿಂತ ಸಿದ್ಧತೆ ಮುಖ್ಯ. 2002ರ ಜುಲೈನಲ್ಲಿ 3.0 ಬಂದ ಮೇಲೆ 3.1 ಬರಲು 2005ರ ಜೂನ್ ಆಯಿತು.

ಆ ದೀರ್ಘ ಕಾಯುವಿಕೆಯ ನಡುವೆಯೇ ಡೆಬಿಯನ್‌ನ ಬೇರಿನಿಂದ ಉಬುಂಟು ಹುಟ್ಟಿ, 2004ರ ಅಕ್ಟೋಬರ್‌ನಲ್ಲಿ ತನ್ನ ಮೊದಲ ಬಿಡುಗಡೆಗೆ 4.10 ಎಂದು ಹೆಸರಿಟ್ಟಿತು. ವರ್ಷ, ತಿಂಗಳು. ಆರು ತಿಂಗಳಿಗೊಮ್ಮೆ ಬರುತ್ತೇವೆ ಎಂಬುದೇ ಅವರ ಮಾತು. 2006ರ ಏಪ್ರಿಲ್‌ಗೆ 6.04 ಬರಬೇಕಿತ್ತು. ದೀರ್ಘಕಾಲ ಬೆಂಬಲ ಕೊಡಬೇಕಾದ ಆವೃತ್ತಿ ಅದಾದ್ದರಿಂದ ಹದಗೊಳಿಸಲು ಆರು ವಾರ ಹೆಚ್ಚು ತೆಗೆದುಕೊಂಡರು. ಜೂನ್ 1ರಂದು ಬಂದದ್ದಕ್ಕೆ 6.06 ಎಂದೇ ಹೆಸರು. ತಡವಾದದ್ದನ್ನು ಅವರ ಸಂಖ್ಯೆ ಮುಚ್ಚಿಡಲಿಲ್ಲ.

ಎರಡು ಬಗೆಯ ತಪ್ಪು

ಚೀಟಿ ತಪ್ಪುವುದು ಎರಡು ಬಗೆಯಲ್ಲಿ. ಸಿದ್ಧವಾಗದ್ದನ್ನು ಸಿದ್ಧ ಎನ್ನುವುದು ಒಂದು, ಸಿದ್ಧವಾದದ್ದನ್ನು ಇನ್ನೂ ಬೀಟಾ ಎನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಕೆಡಿಇ 4.0 ಸಾಕ್ಷಿ. ಲಿನಕ್ಸ್ ಬಳಸುವ ಲಕ್ಷಾಂತರ ಜನರ ಕಣ್ಣಮುಂದಿನ ಪರದೆ ಕೆಡಿಇಯದ್ದಾಗಿತ್ತು. ಅದರ 3.5 ಆವೃತ್ತಿ ಚೆನ್ನಾಗಿ ಪಳಗಿತ್ತು. 4ನೇ ಆವೃತ್ತಿಯಲ್ಲಿ ಅಡಿಪಾಯವನ್ನೇ ಹೊಸದಾಗಿ ಕಟ್ಟಿದರು. 2008ರ ಜನವರಿ 11ರಂದು 4.0 ಹೊರಬಂದಾಗ ತಂಡದ ಮನಸ್ಸಿನಲ್ಲಿದ್ದ ಅರ್ಥ ಬೇರೆ: ಅಡಿಪಾಯ ಸಿದ್ಧ, ಪ್ರೋಗ್ರಾಂ ಬರೆಯುವವರು ಇನ್ನು ಶುರುಮಾಡಬಹುದು. ಬಳಕೆದಾರರಿಗೆ ಆ ಸಂಖ್ಯೆ ಹೇಳಿದ್ದು ಮುಗಿದ ಮನೆ ಎಂದು. ಮೇ ತಿಂಗಳಲ್ಲಿ ಫೆಡೋರಾ ಎಂಬ ಲಿನಕ್ಸ್ ವಿತರಣೆಯ 9ನೇ ಆವೃತ್ತಿ ಹಳೆಯ ಪರದೆಯನ್ನು ಬಿಟ್ಟು ಹೊಸದನ್ನೇ ಕೊಟ್ಟಿತು. ದಿನವೂ ಬಳಸುತ್ತಿದ್ದ ಸೌಲಭ್ಯಗಳು ಕಾಣದೆ ಜನ ಸಿಟ್ಟಾದರು. ಲೈನಸ್ ಟೊರ್ವಾಲ್ಡ್ಸ್ ಕೂಡ ಆ ಅನುಭವದಿಂದ ಬೇಸತ್ತು ಕೆಡಿಇ ಬಿಟ್ಟು ಗ್ನೋಮ್ ಎಂಬ ಇನ್ನೊಂದು ಪರದೆಗೆ ಹೋದರು. ಎಲ್ಲರಿಗೂ ಒಪ್ಪುವ ಮಟ್ಟಕ್ಕೆ ಕೆಡಿಇ ತಲುಪಿದ್ದು 2009ರ ಜನವರಿಯ 4.2ರಲ್ಲಿ. ಒಂದು ವರ್ಷ ಆಲ್ಫಾ, ಬೀಟಾ ಎಂದಿದ್ದರೆ ಅದೇ ಕೋಡನ್ನು ಜನ ಕುತೂಹಲದಿಂದ ನೋಡುತ್ತಿದ್ದರು.

ಎರಡನೆಯದಕ್ಕೆ ಜಿಮೇಲ್. 2004ರ ಏಪ್ರಿಲ್ 1ರಂದು ಬಂದಾಗ ಅದರ ಗುರುತಿನ ಕೆಳಗೆ ಬೀಟಾ ಎಂದು ಬರೆದಿತ್ತು. ಆ ಪದ ಹೋದದ್ದು 2009ರ ಜುಲೈ 7ರಂದು. ಐದು ವರ್ಷಕ್ಕೂ ಹೆಚ್ಚು ಕಾಲ ಕೋಟ್ಯಂತರ ಜನ ಬೀಟಾದಲ್ಲೇ ಪತ್ರ ಬರೆದರು. ದೊಡ್ಡ ಕಂಪನಿಗಳು ಬೀಟಾ ಎಂದಿರುವುದರ ಮೇಲೆ ತಮ್ಮ ವ್ಯವಹಾರ ನಡೆಸಲು ಹಿಂಜರಿಯುತ್ತವೆ ಎಂಬುದನ್ನು ಗೂಗಲ್ ಆಗ ಒಪ್ಪಿಕೊಂಡಿತು. ಎಚ್ಚರಿಕೆಯನ್ನು ಬೇಕಾಬಿಟ್ಟಿ ಬಳಸಿದರೆ ನಿಜವಾಗಿ ಎಚ್ಚರಿಸಬೇಕಾದ ದಿನ ಯಾರೂ ಕಿವಿಗೊಡುವುದಿಲ್ಲ. ಬೀಟಾ ಎಂಬ ಪದ ತನ್ನ ಬಿಗಿ ಕಳೆದುಕೊಂಡದ್ದು ಇಂಥ ವರ್ಷಗಳಲ್ಲೇ.

ಸಂಖ್ಯೆ ಬದಲಾದ ದಿನ ಮುರಿದದ್ದು

2011ರ ಮೇ ತಿಂಗಳಲ್ಲಿ ಲಿನಕ್ಸ್ 2.6.39ಕ್ಕೆ ತಲುಪಿತ್ತು. ಅಂಕಿಗಳು ವಿಪರೀತ ಬೆಳೆದವು, ಕರ್ನೆಲ್‌ಗೆ ಇಪ್ಪತ್ತು ವರ್ಷವೂ ತುಂಬುತ್ತಿದೆ ಎಂದು ಲೈನಸ್ ಮುಂದಿನದಕ್ಕೆ 3.0 ಎಂದರು. ಒಳಗೆ ಕ್ರಾಂತಿಯೇನೂ ಇರಲಿಲ್ಲ; ಎಂದಿನಂತೆ ಇನ್ನೊಂದು ಬಿಡುಗಡೆ, ಅಷ್ಟೇ. ಆದರೂ ಕೆಲವು ಪ್ರೋಗ್ರಾಂಗಳು ಕೆಟ್ಟವು. ಏಳು ವರ್ಷಕ್ಕೂ ಹೆಚ್ಚು ಕಾಲದಿಂದ 2.6 ಎಂದೇ ನೋಡಿ ರೂಢಿಯಾಗಿದ್ದ ಕೋಡ್, ಸಂಖ್ಯೆಯಲ್ಲಿ ಮೂರು ಭಾಗ ಇದ್ದೇ ಇರುತ್ತದೆ, ಮೊದಲನೆಯದು 2 ಆಗಿರುತ್ತದೆ ಎಂದು ನಂಬಿ ಬರೆದದ್ದಾಗಿತ್ತು. ಅಂಥವಕ್ಕಾಗಿ ಕರ್ನೆಲ್‌ನಲ್ಲೇ ಒಂದು ವ್ಯವಸ್ಥೆ ಸೇರಿಸಿದರು. ಅದನ್ನು ಚಾಲೂ ಮಾಡಿದರೆ 3.0 ತನ್ನನ್ನು 2.6.40 ಎಂದು ಹೇಳಿಕೊಳ್ಳುತ್ತಿತ್ತು, 3.1 ಆದರೆ 2.6.41. ಫೆಡೋರಾ 15ರ ಬಳಕೆದಾರರಿಗಂತೂ 3.0 ಕರ್ನೆಲ್ ಬಂದದ್ದೇ 2.6.40 ಎಂಬ ಹೆಸರಿನಲ್ಲಿ. ಅರ್ಥವಿಲ್ಲದ ಸಂಖ್ಯೆ ಎಂದು ಕಟ್ಟಿದವರು ಹೇಳಿದರೂ, ಅದನ್ನು ಓದುವವರು, ಓದುವ ಯಂತ್ರಗಳು ತಮ್ಮದೇ ಅರ್ಥ ಹಚ್ಚಿಕೊಂಡಿರುತ್ತವೆ.

ಈ ಗೊಂದಲಕ್ಕೆ ಒಂದು ಲಿಖಿತ ಒಪ್ಪಂದದ ರೂಪ ಕೊಡಲು ಹೊರಟವರು ಗಿಟ್‌ಹಬ್ ಸಂಸ್ಥಾಪಕರಲ್ಲೊಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್. ಅವರ ‘ಸೆಮ್ಯಾಂಟಿಕ್ ವರ್ಷನಿಂಗ್’ ನಿಯಮಗಳ ಎರಡನೇ ರೂಪ 2013ರದು. ಮೂರು ಅಂಕಿಗಳಲ್ಲಿ ಕೊನೆಯದು ಏರಿದರೆ ದೋಷ ತಿದ್ದಿದೆ. ನಡುವಿನದು ಏರಿದರೆ ಹೊಸ ಸೌಲಭ್ಯವಿದೆ, ಹಳೆಯದೂ ನಡೆಯುತ್ತದೆ. ಮೊದಲನೆಯದು ಏರಿದರೆ ಹಳೆಯ ಬಳಕೆ ಮುರಿಯಬಹುದು. ಸೊನ್ನೆಯಿಂದ ಶುರುವಾದರೆ ಯಾವ ಭರವಸೆಯೂ ಇಲ್ಲ. ಒಮ್ಮೆ ಬಿಟ್ಟ ಆವೃತ್ತಿಯೊಳಗೆ ಆಮೇಲೆ ಏನನ್ನೂ ಬದಲಿಸುವಂತಿಲ್ಲ. ಸಾವಿರಾರು ಚಿಕ್ಕ ಚಿಕ್ಕ ತುಣುಕುಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟುವ ಇಂದಿನ ತಂತ್ರಾಂಶಕ್ಕೆ ಇಂಥ ಕರಾರಿಲ್ಲದೆ ಗತಿಯಿಲ್ಲ.

ಮಾತಿಗೆ ತೆರುವ ಬೆಲೆ

ಮಾತು ಉಳಿಸಿಕೊಳ್ಳುವುದಕ್ಕೂ ಬೆಲೆ ಇದೆ. ಅದರ ಗುರುತು ಕನ್ನಡದ ಒಂದು ಅಕ್ಷರದ ಮೇಲೇ ಉಳಿದಿದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡ್ ಕೂಡ ಆವೃತ್ತಿಗಳಲ್ಲೇ ಬೆಳೆಯುತ್ತದೆ. ಅದರ 1.0 ಬಂದದ್ದು 1991ರ ಅಕ್ಟೋಬರ್‌ನಲ್ಲಿ, ಕನ್ನಡವನ್ನೂ ಒಳಗೊಂಡು. ಹಳಗನ್ನಡದ ‘ೞ’ ಅಕ್ಷರಕ್ಕೆ ಅದರಲ್ಲಿ ಸಿಕ್ಕ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್ಎ’. ಫಕಾರಕ್ಕೂ ಈ ಅಕ್ಷರಕ್ಕೂ ಯಾವ ಸಂಬಂಧವೂ ಇಲ್ಲ. ಅದು ನೇರ ತಪ್ಪು. ಆದರೆ ಒಮ್ಮೆ ಕೊಟ್ಟ ಸಂಕೇತವನ್ನೂ ಹೆಸರನ್ನೂ ಬದಲಿಸುವುದಿಲ್ಲ ಎಂದು ಯೂನಿಕೋಡ್ ಮಾತು ಕೊಟ್ಟಿದೆ. ಹಳೆಯ ದಾಖಲೆಗಳು, ಹಳೆಯ ಪ್ರೋಗ್ರಾಂಗಳು ಆ ಮಾತನ್ನು ನಂಬಿ ಕುಳಿತಿವೆ. ಹಾಗಾಗಿ ತಪ್ಪು ಹೆಸರು ಹಾಗೇ ಉಳಿದು, ಪಕ್ಕದಲ್ಲಿ ತಿದ್ದುಪಡಿಯ ಉಪನಾಮವೊಂದು ಸೇರಿಕೊಂಡಿದೆ. ಹಳಗನ್ನಡ ಓದುವವರಿಗೆ ಕಸಿವಿಸಿಯಾಗಬಹುದು. ಆದರೆ ಪಂಪನನ್ನೋ ರನ್ನನನ್ನೋ ಇಂದು ಕಂಪ್ಯೂಟರಿನಲ್ಲಿ ಟೈಪಿಸಿಟ್ಟವರ ೞಕಾರ ಐವತ್ತು ವರ್ಷದ ನಂತರವೂ ೞಕಾರವಾಗಿಯೇ ತೆರೆಯುತ್ತದೆ ಎಂಬ ಖಾತರಿ ಅದೇ ಹಟದಿಂದ ಬಂದದ್ದು.

ಬಿಡುಗಡೆಯ ಹಂತಗಳಲ್ಲಿ ನಾವು ಹೆಚ್ಚು ಮಾತಾಡದ ಹಂತ ಕೊನೆಯದು: ಬೆಂಬಲ ನಿಲ್ಲುವ ದಿನ. ಪೈಥಾನ್ ಭಾಷೆಯ 3.0 ಆವೃತ್ತಿ 2008ರ ಡಿಸೆಂಬರ್‌ನಲ್ಲಿ ಬಂದಾಗ ಹಳೆಯ ಪ್ರೋಗ್ರಾಂಗಳು ಅದರಲ್ಲಿ ನಡೆಯುವುದಿಲ್ಲ ಎಂದು ಮೊದಲೇ ಹೇಳಿದ್ದರು. ಹಳೆಯ ದಾರಿಯ ಕೊನೆಯ ಮಜಲಾದ 2.7 ಬಂದದ್ದು 2010ರಲ್ಲಿ. ಅದಕ್ಕೆ ಬೆಂಬಲ 2015ರವರೆಗೆ ಎಂದಿದ್ದವರು, ಜನ ಇನ್ನೂ ಬದಲಾಗಿಲ್ಲ ಎಂದು ಕಂಡು 2020ರ ತನಕ ವಿಸ್ತರಿಸಿದರು. 2020ರ ಜನವರಿ 1ಕ್ಕೆ ಆ ಗಡುವು ಮುಗಿಯಿತು. ಏಪ್ರಿಲ್‌ನಲ್ಲಿ ಬಂದ 2.7.18ರ ನಂತರ ಆ ಸರಣಿಯಲ್ಲಿ ಮತ್ತೊಂದು ಬರಲಿಲ್ಲ. ಹನ್ನೊಂದು ವರ್ಷದ ಮುನ್ಸೂಚನೆ ಕೊಟ್ಟು, ಒಮ್ಮೆ ಕನಿಕರಿಸಿ, ಆಮೇಲೆ ಹೇಳಿದ ದಿನಕ್ಕೆ ನಿಲ್ಲಿಸಿದರು.

ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿ, ಕೈಯಲ್ಲಿನ ಫೋನು ಎಲ್ಲವೂ ಇಂದು ಯಾವುದೋ ಆವೃತ್ತಿಯ ಮೇಲೆ ನಿಂತಿವೆ. ಆ ಸಂಖ್ಯೆ ಎಷ್ಟು ದೊಡ್ಡದು, ಎಷ್ಟು ಹೊಸದು ಎಂದು ಕೇಳುವುದರಿಂದ ಪ್ರಯೋಜನ ಕಡಿಮೆ. ಇದನ್ನು ಕಟ್ಟಿದವರು ಈ ಹಂತಕ್ಕೆ ಏನರ್ಥವೆಂದು ಬರೆದಿಟ್ಟಿದ್ದಾರೆಯೇ, ಹಿಂದೆ ಆ ಅರ್ಥಕ್ಕೆ ಬದ್ಧರಾಗಿದ್ದರೇ, ದೋಷ ಕಂಡಾಗ ಎಷ್ಟು ದಿನ ತಿದ್ದಿಕೊಡುತ್ತಾರೆ ಎಂದು ಕೇಳಬೇಕು. ಈ ಮೂರಕ್ಕೂ ನೇರ ಉತ್ತರ ಕೊಡುವವರ 0.9 ಆವೃತ್ತಿಯನ್ನು, ಉತ್ತರ ಕೊಡದವರ 5.0ಕ್ಕಿಂತ ಧೈರ್ಯವಾಗಿ ನಂಬಬಹುದು.